ಬೆನ್ನಿಗೆ ಹಚ್ಚುವ ಎಣ್ಣೆ

ಹುಣಸೂರಿನ ನಮ್ಮ ಗರಡಿಯಲ್ಲಿ ಒಬ್ಬನೇ ಸಾಮು ಮಾಡುವ ಪದ್ಧತಿ ಇರಲಿಲ್ಲ. ಒಬ್ಬ ದಂಡ ಹೊಡೆದರೆ ಅವನ ಜೋಡಿ ಪಕ್ಕದಲ್ಲಿ ನಿಂತು ಎಣಿಸಬೇಕು. ಎಣಿಕೆ ನಡೆಯುವಾಗ ಯಾರೂ ಮಾತಾಡಿಸುವಂತಿಲ್ಲ. ಉಸ್ತಾದರೇ ಬಂದರೂ ಮುಗಿಯುವವರೆಗೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಕೊನೆಗೆ ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ಹಚ್ಚಿ ತಿಕ್ಕಬೇಕು. ಅಲ್ಲಿಗೆ ಆ ದಿನದ ಸಾಮು ಮುಗಿಯಿತು.

ನಾನು ಒಕ್ಕಲು ಮನೆಯವನು, ಮರದ ಡಿಪೋ ಒಂದರಲ್ಲಿ ಗುಮಾಸ್ತ. ನನ್ನ ಜೋಡಿ, ಎತ್ತುಗಳಿಗೆ ಲಾಳ ಕಟ್ಟುವ ಸಾಹೇಬರ ಮಗ. ಇಬ್ಬರೂ ಒಂದೇ ವರ್ಷ ಗರಡಿಗೆ ಸೇರಿದವರು. ಎತ್ತಿನ ಗೊರಸು ಹಿಡಿದು ಹಿಡಿದು ಅವನ ಅಂಗೈ ಕಾಯಿಗಟ್ಟಿತ್ತು. ಅವನು ಬೆನ್ನು ತಿಕ್ಕಿದರೆ ಚರ್ಮವೇ ಸುಲಿದುಬರುತ್ತದೆಯೇನೋ ಅನ್ನಿಸುತ್ತಿತ್ತು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಅವನು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದ.

ಡಿಪೋಗೆ ಬಂದ ವ್ಯಾಪಾರಿಯೊಬ್ಬ ಒಂದು ಇಂಗ್ಲಿಷ್ ಪತ್ರಿಕೆ ಬಿಟ್ಟುಹೋದದ್ದೇ ಎಲ್ಲಕ್ಕೂ ಮೂಲ. ಅದರಲ್ಲಿ ಒಬ್ಬ ಬಿಳಿಯನ ಚಿತ್ರವಿತ್ತು. ಎದೆ, ಹೊಟ್ಟೆ, ತೋಳು ಎಲ್ಲವೂ ಬೇರೆ ಬೇರೆಯಾಗಿ ಎಣಿಸುವ ಹಾಗೆ ಎದ್ದು ನಿಂತಿದ್ದವು. ನಮ್ಮ ಕುಸ್ತಿ ಪೈಲ್ವಾನರದು ತುಪ್ಪ ತಿಂದು ತುಂಬಿಕೊಂಡ ಮೈ. ನನಗೆ ಆ ಚಿತ್ರದ ಮೈಯೇ ಬೇಕೆನ್ನಿಸಿತು. ಮೈಸೂರಿನಲ್ಲಿ ಅಂಥ ಮೈಗೆ ಸ್ಪರ್ಧೆ ನಡೆಯುತ್ತದೆ, ಗೆದ್ದವನಿಗೆ ಬೆಳ್ಳಿಯ ಕಪ್ಪು ಕೊಡುತ್ತಾರೆ ಎಂದೂ ಕೇಳಿದ್ದೆ. ಗರಡಿಯಲ್ಲಿ ಹೇಳಿದಾಗ ನನ್ನ ಜೋಡಿ ಎಲ್ಲರೆದುರು ನಕ್ಕುಬಿಟ್ಟ.

"ಬುಡು ಕಣ್ಲಾ! ಸಂತೇಲಿ ಎತ್ತಿನ ಮೈ ನೀವಿ ನೋಡ್ತಾರಲ್ಲ, ಅಂಗೆ ನಿಂತ್ಕತೀಯಾ ನೀನು?"

ಗರಡಿಯೆಲ್ಲ ನಕ್ಕಿತು. ನನಗೋ ಮೂಗಿನ ತುದಿಯಲ್ಲೇ ಕೋಪ. "ನಂಗೆ ಜೋಡೀನೂ ಬ್ಯಾಡ, ನಿಮ್ ಗರಡೀನೂ ಬ್ಯಾಡ. ಒಬ್ನೇ ಗೆದ್ದು ಬಂದು ತೋರುಸ್ತೀನಿ," ಅಂದೆ.

"ಗೆದ್ದು ಬಾರ್ಲಾ, ಎಗಲ ಮೇಲೆ ಒತ್ಕಂಡು ಮೆರುಸ್ತೀನಿ," ಅಂದ. ಅದು ಪ್ರೀತಿಯ ಮಾತೆಂದು ಈಗ ಗೊತ್ತಾಗುತ್ತದೆ. ಆಗ ಅಣಕವಾಗಿ ಕೇಳಿಸಿತು.

ಮನೆಯ ಹಿಂದಿನ ಹುಲ್ಲಿನ ಕೊಟ್ಟಿಗೆ ನನ್ನ ಗರಡಿಯಾಯಿತು. ಗಾಡಿಯ ಹಳೆಯ ಅಚ್ಚಿನ ಎರಡು ತುದಿಗೂ ಬೀಸುವ ಕಲ್ಲು ಸಿಕ್ಕಿಸಿ ಭಾರ ಎತ್ತುತ್ತಿದ್ದೆ. "ರಾಗಿ ಬೀಸೋ ಕಲ್ಲಿಗೂ ಬಂತಲ್ಲಪ್ಪ ಇಂಥ ಗತಿ," ಎಂದು ಅವ್ವ ಗೊಣಗುತ್ತಿದ್ದಳು. ಯಾರೂ ಇಣುಕದಿರಲೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕ್ಷೌರಿಕನ ಹತ್ತಿರ ಕೊಂಡ ಅಂಗೈಯಗಲದ ಕನ್ನಡಿಯಲ್ಲಿ ಒಂದು ದಿನ ತೋಳು, ಒಂದು ದಿನ ಎದೆ ನೋಡಿಕೊಂಡು ಬೀಗುತ್ತಿದ್ದೆ.

ಎಣಿಸಲು ಯಾರೂ ಇಲ್ಲದ್ದರಿಂದ ನಾನೇ ಗಟ್ಟಿಯಾಗಿ ಎಣಿಸುತ್ತಿದ್ದೆ. ನೂರಾದರೆ ನಿಲ್ಲಿಸದೆ ಮತ್ತೆ ಒಂದರಿಂದ ಶುರು. ನಿಲ್ಲಿಸಿದೊಡನೆ ಕೊಟ್ಟಿಗೆಯಲ್ಲಿ ನಾನೊಬ್ಬನೇ ಇದ್ದೇನೆಂದು ಗೊತ್ತಾಗಿಬಿಡುತ್ತಿತ್ತು. ಮೂರು ವರ್ಷ ಹೀಗೆ ಕಳೆಯಿತು. ಪೇಟೆಯಲ್ಲಿ ಅವನು ಎದುರಾದರೆ ಅರ್ಧ ಕೈ ಎತ್ತುತ್ತಿದ್ದ, ನಾನು ಮುಖ ಗಂಟಿಕ್ಕಿಕೊಂಡು ದಾಟಿಹೋಗುತ್ತಿದ್ದೆ. ಕಪ್ಪು ಹಿಡಿದುಕೊಂಡೇ ಅವನನ್ನು ಮಾತಾಡಿಸುವುದೆಂದು ಹಟ. ನಿಜ ಹೇಳಬೇಕೆಂದರೆ, ಮಾತಾಡಿಸಲು ಒಂದು ನೆವ ಬೇಕಾಗಿತ್ತು. ಅದಕ್ಕಾಗಿಯೇ ಕಪ್ಪು ಬೇಕಾಗಿತ್ತು.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ, ಎಳ್ಳೆಣ್ಣೆಯ ಸೀಸೆ ಹಿಡಿದು ಮೈಸೂರಿಗೆ ಹೋದೆ. ಸ್ಪರ್ಧೆ ಒಂದು ನಾಟಕದ ಥಿಯೇಟರಿನಲ್ಲಿ. ಪರದೆಯ ಹಿಂದೆ ಎಲ್ಲರ ಜೊತೆಗೂ ಯಾರಾದರೊಬ್ಬರು ಬಂದಿದ್ದರು. ಅಣ್ಣನೋ ಗೆಳೆಯನೋ ಉಸ್ತಾದನೋ ಅವರವರ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ನಾನು ಎದೆಗೆ, ತೋಳಿಗೆ, ತೊಡೆಗೆ ಹಚ್ಚಿಕೊಂಡೆ. ಕೈ ಹಿಂದಕ್ಕೆ ತಿರುಚಿ ಸೊಂಟಕ್ಕೆ ಹಚ್ಚಿಕೊಂಡೆ, ಮೇಲಿನಿಂದ ಭುಜಕ್ಕೆ ಹಚ್ಚಿಕೊಂಡೆ. ನಡುಬೆನ್ನು ಮಾತ್ರ ಎಟುಕಲಿಲ್ಲ.

"ಕೊಡಿ, ನಾನು ಹಚ್ತೀನಿ," ಎಂದು ಪಕ್ಕದವನ ಅಣ್ಣ ಕೈ ಚಾಚಿದ.

"ಬ್ಯಾಡ, ಆಗ್ಲೇ ಆಯ್ತು," ಅಂದೆ. ಸೊಕ್ಕು, ಇನ್ನೇನು?

ದೀಪದ ಕೆಳಗೆ ನಿಂತು ಎದೆ ಉಬ್ಬಿಸಿದಾಗ ಜನ ಚಪ್ಪಾಳೆ ತಟ್ಟಿದರು. ಕಪ್ಪು ನನ್ನದೇ ಎಂದುಕೊಂಡೆ. ಆಮೇಲೆ ತೀರ್ಪುಗಾರರು ಹಿಂದೆ ತಿರುಗಲು ಹೇಳಿದರು. ತಿರುಗಿದೆ. ಚಪ್ಪಾಳೆ ನಿಂತಿತು, ಯಾರೋ ಕಿಸಕ್ಕನೆ ನಕ್ಕರು. ಮಿರಿಮಿರಿ ಮಿಂಚುವ ಮೈಯ ನಟ್ಟನಡುವೆ ಒಣಗಿದ ಬೆನ್ನು.

ತೀರ್ಪುಗಾರರಲ್ಲಿ ವಯಸ್ಸಾದವರೊಬ್ಬರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಎಣ್ಣೆ ಹೋಗಲಿ ಬಿಡಿ, ನಿಮ್ಮ ಬೆನ್ನು ಬೆಳೆದೇ ಇಲ್ಲವಲ್ಲ. ನೋಡಿ ಹೇಳುವವರು ಯಾರೂ ಇರಲಿಲ್ಲವೇ?" ಎಂದು ಕೇಳಿದರು. ಇರಲಿಲ್ಲ. ಮೂರು ವರ್ಷದಲ್ಲಿ ನನ್ನ ಬೆನ್ನನ್ನು ನಾನೂ ನೋಡಿರಲಿಲ್ಲ, ಬೇರೆಯವರೂ ನೋಡಿರಲಿಲ್ಲ. ಕಪ್ಪು ಬೇರೆ ಯಾರಿಗೋ ಹೋಯಿತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಚ್ಚರಿಯೆಂದರೆ ಕೋಪವೇ ಬರಲಿಲ್ಲ. ಅವನ ಮುಂದೆ ನಿಂತು, 'ಸೋತೆ ಕಣ್ಲಾ, ಬೆನ್ನು ತಿಕ್ಕು ಬಾ' ಅನ್ನಬೇಕು, ಅಷ್ಟೇ. ಮರುದಿನ ಬೆಳಿಗ್ಗೆ, ಸೀಸೆಯಲ್ಲಿ ಉಳಿದಿದ್ದ ಎಣ್ಣೆ ಹಿಡಿದುಕೊಂಡೇ ಹೋದೆ. ಸಾಹೇಬರು ಎತ್ತನ್ನು ಕೆಡವಿ ಲಾಳ ಕಟ್ಟುತ್ತಿದ್ದರು.

"ಅವ್ನೆಲ್ಲಿ ಚಾಚಾ?"

"ಬೊಂಬಾಯಿಗೆ ಓದ ಬೇಟಾ, ಸಮುದ್ರದ ಅಡಗಿನ ಕೆಲ್ಸಕ್ಕೆ. ಇಪ್ಪತ್ ದಿನ ಆಯ್ತು."

"ನನ್ಗೆ ಒಂದ್ ಮಾತೂ ಯೋಳ್ಲಿಲ್ಲ."

ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನು ನೋಡಿದರು. "ಯೋಳಕ್ಕೇ ಬಂದಿದ್ನಲ್ಲ, ನಿಮ್ ಕೊಟ್ಗೆ ತಾವ. ನೀನು ಒಳಗೆ ಎಣಿಸ್ತಾ ಇದ್ಯಂತೆ. ಎಣಿಕೆ ಕೆಡಿಸ್ಬಾರ್ದು ಅಂತ ಬಾಗ್ಲಾಗೇ ನಿಂತಿದ್ನಂತೆ. ನೀನು ನಿಲ್ಲಿಸ್ಲೇ ಇಲ್ಲ. ಬಸ್ಸಿನ ಒತ್ತಾಯ್ತು ಅಂತ ಒಂಟೋದ."

ಅವನು ಮತ್ತೆ ಹುಣಸೂರಿಗೆ ಬರಲಿಲ್ಲ. ಈ ವಯಸ್ಸಿನಲ್ಲೂ ನಾನು ಬೆಳಿಗ್ಗೆ ಒಂದಷ್ಟು ಬಸ್ಕಿ ಹೊಡೆಯುತ್ತೇನೆ. ಕೊಟ್ಟಿಗೆಯ ಬಾಗಿಲು ತೆರೆದಿಟ್ಟಿರುತ್ತೇನೆ. ಎಣಿಸುವುದಿಲ್ಲ.