ಡೆಟ್ರಾಯಿಟ್‌ನಲ್ಲಿ ಸಿಕ್ಕ ನಮ್ಮೂರ ಪಂಜಾ

ಎರಡು ಸಾವಿರದ ನಾಲ್ಕರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನು ಮತ್ತು ನಮ್ಮೂರಿನವನೇ ಆದ ಬಸನಗೌಡ, ನಾನೀಗ ಅಂಗಡಿ ಇಟ್ಟಿರುವ ಲೊಂಬಾರ್ಡ್ ಬಿಟ್ಟೆವು. ಕಾರು ಅವನದು, ಪೆಟ್ರೋಲು ಅರ್ಧರ್ಧ, ಬುತ್ತಿ ಪೂರ್ತಿ ನನ್ನದು: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ಆನ್ ಆರ್ಬರ್‌ಗೆ ಇನ್ನೂರೈವತ್ತು ಮೈಲಿ. ಅಲ್ಲಿಂದ ಡೆಟ್ರಾಯಿಟ್‌ನ ಉತ್ತರಕ್ಕಿರುವ ಒಂದು ಉಪನಗರಕ್ಕೆ ಮತ್ತೆ ನಲವತ್ತೈದು. ಹೊರಟಿದ್ದು ಒಂದು ಹಿತ್ತಾಳೆಯ ಕೈಯನ್ನು ತರಲು.

ಆ ಕೈ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ತುಂಗಭದ್ರೆಯ ದಂಡೆಯ ನಮ್ಮೂರಿನಲ್ಲಿ ಮೊಹರಂ ಊರಿಗೆ ಊರೇ ಮಾಡುವ ಹಬ್ಬ. ಮಸೂತಿಯಲ್ಲಿ ಕೂರಿಸುವ ಪಂಜಾ, ಅಂದರೆ ಐದು ಬೆರಳಿನ ಹಿತ್ತಾಳೆಯ ಅಂಗೈ, ಎಲ್ಲ ಜಾತಿಯವರಿಗೂ ದೇವರೇ. ಅದನ್ನು ಕಾಯುವ ಮುಜಾವರಿಕೆ ನಮ್ಮ ಮನೆಯದು. ಅದನ್ನು ಹೊತ್ತು ಬೆಂಕಿಯ ಕುಣಿಯ ಸುತ್ತ ಕುಣಿಯುವ ಹಕ್ಕು ಬಸನಗೌಡನ ಮನೆಯದು. ನಾನಿನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಒಂದು ಮಳೆಗಾಲ, ಅದು ಕಳುವಾಯಿತು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ನಮ್ಮಪ್ಪ ಹುಸೇನಸಾಬನ ಹತ್ತಿರ. ಊರಿಗೆ ಅಷ್ಟೇ ಸಾಕಾಯಿತು. ಊರ ಗೌಡರು, ಅಂದರೆ ಬಸನಗೌಡನ ಅಪ್ಪ, ಚಾವಡಿಯಲ್ಲಿ ಪಂಚಾಯಿತಿ ಸೇರಿಸಿ ಅಪ್ಪನಿಂದ ಕೀಲಿ ಕಸಿದು ಚಿಕ್ಕಪ್ಪನಿಗೆ ಕೊಟ್ಟರು. ಅಪ್ಪನನ್ನು ಯಾರೂ ಎದುರಿಗೆ ಕಳ್ಳ ಎನ್ನಲಿಲ್ಲ. ಅವನು ಚಹಾದಂಗಡಿಗೆ ಹೋದರೆ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ಆ ಮಾತು ನಿಂತ ಅಂಗಡಿಗೆ ಅವನು ಸಾಯುವವರೆಗೂ ಹೋದ. ಹೋಗದಿದ್ದರೆ ತಪ್ಪೊಪ್ಪಿದ ಹಾಗೆ ಆಗುತ್ತದೆ ಎನ್ನುತ್ತಿದ್ದ.

ಪಂಜಾ ಸಿಕ್ಕ ಸುದ್ದಿಯೂ ನನಗೆ ನೆಟ್ಟಗೆ ಬರಲಿಲ್ಲ. ಅದನ್ನು ಕಂಡವನು ಚಿಕ್ಕಪ್ಪನ ಮಗ ಇಮ್ತಿಯಾಜ್, ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಡಾಕ್ಟರು. ಮೇಜಿನ ದೀಪ ಹುಡುಕುತ್ತ ಹಳೆಯ ಸಾಮಾನಿನ ಅಂಗಡಿಗೆ ಹೋದವನು ಕಿಟಕಿಯಲ್ಲಿ ಅದನ್ನು ನೋಡಿದ್ದಾನೆ. ನೋಡಿ, ನನಗೆ ಫೋನ್ ಮಾಡದೆ, ಯಾವುದೋ ಪಿಕ್ನಿಕ್ಕಿನಲ್ಲಿ ಯಾರಿಗೋ ಹೇಳಿದ್ದಾನೆ. ಅದು ಲೊಂಬಾರ್ಡ್ ಪಕ್ಕದ ಓಕ್ ಬ್ರೂಕ್‌ನ ಆಫೀಸಿನಲ್ಲಿ ಕೆಲಸ ಮಾಡುವ ಬಸನಗೌಡನ ಕಿವಿಗೆ ಬಿತ್ತು. ಅವನು ಜೋಳದ ಹಿಟ್ಟಿಗೆಂದು ನನ್ನ ಕಿರಾಣಿ ಅಂಗಡಿಗೆ ಬಂದವನು, ‘ಅಕ್ಕಾ, ದೇವರು ಸಿಕ್ಕೈತಂತಲ್ರಿ, ನಿಮಗ ಇಮ್ತಿಯಾಜ್ ಹೇಳಿಲ್ಲೇನು?’ ಎಂದ.

ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳ ಹೊಗೆ ದಾಟುವವರೆಗೆ ಬಸನಗೌಡ ಒಳ್ಳೆಯವನಾಗಿದ್ದ. ಮಿಶಿಗನ್ ಗಡಿ ದಾಟಿ ಗಡಿಯಾರವನ್ನು ಒಂದು ತಾಸು ಮುಂದೆ ಮಾಡಿಕೊಂಡದ್ದೇ ತಡ, ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು.

‘ಅಕ್ಕಾ, ಸಿಟ್ಟಾಗಬ್ಯಾಡ್ರಿ. ಹೊರೋರು ನಾವು. ಊರಿಗೆ ನಾನ ಹೊತ್ಕೊಂಡು ಹೋದ್ರ ಚಂದ ಕಾಣ್ತೈತಿ.’

‘ಕಾಯೋರು ಯಾರಪ?’

‘ಕಾಯೋರು ನೆಟ್ಟಗ ಕಾಯ್ದಿದ್ರ ಅದು ಡೆಟ್ರಾಯಿಟ್ ತನಕ ಯಾಕ ಬರ್ತಿತ್ರಿ?’

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಲು ಹೇಳಿ, ಮರದ ಬೆಂಚಿನ ಮೇಲೆ ಕೂತು ನಾನೊಬ್ಬಳೇ ರೊಟ್ಟಿ ತಿಂದೆ. ಅವನು ಯಂತ್ರಕ್ಕೆ ಕಾಸು ಹಾಕಿ ಚಿಪ್ಸ್ ತೆಗೆದುಕೊಂಡ. ಬ್ಯಾಟಲ್ ಕ್ರೀಕ್ ದಾಟಿದ ಮೇಲೆ ಅವನಿಗೂ ಎರಡು ರೊಟ್ಟಿ ಸುತ್ತಿ ಕೊಟ್ಟೆ. ಕರುಣೆಯಿಂದಲ್ಲ, ಹಸಿದವನು ಎಪ್ಪತ್ತು ಮೈಲಿ ವೇಗದಲ್ಲಿ ಡ್ರೈವ್ ಮಾಡುವುದು ಒಳ್ಳೆಯದಲ್ಲ.

ಆನ್ ಆರ್ಬರ್ ಮುಟ್ಟಿದಾಗ ಮಧ್ಯಾಹ್ನ. ಫ್ಯಾರನ್‌ಹೀಟಿನಲ್ಲಿ ಎಂಬತ್ತೆಂಟು ಡಿಗ್ರಿ ಬಿಸಿಲು. ಇಮ್ತಿಯಾಜ್ ಬಿರಿಯಾನಿ ಮಾಡಿಸಿದ್ದ. ತಪ್ಪು ಮಾಡಿದ ತಮ್ಮಂದಿರೆಲ್ಲ ಅಕ್ಕಂದಿರಿಗೆ ಬಿರಿಯಾನಿ ಮಾಡಿಸುತ್ತಾರೆ. ನಮ್ಮ ಮನೆಮಾತು ಬೇರೆ, ಆದರೂ ಬಸನಗೌಡನ ಎದುರಿಗೆ ನಾವು ಕನ್ನಡದಲ್ಲೇ ಜಗಳವಾಡಿದೆವು.

‘ಆಪಾ, ನಿಮಗೆ ಹೇಳೋಣ ಅಂತಾನೇ ಇದ್ದೆ. ಫಸ್ಟ್ ಕನ್ಫರ್ಮ್ ಮಾಡ್ಕೊಂಡು ಹೇಳೋಣ ಅಂತ,’ ಎಂದ. ಬೆಂಗಳೂರಿನಲ್ಲಿ ಓದಿದವನು, ಮಾತು ಅಲ್ಲಿಯದೇ.

‘ಪಿಕ್ನಿಕ್ಕಿನೊಳಗ ಹೇಳಾಕ ಕನ್ಫರ್ಮ್ ಬೇಕಾಗಿದ್ದಿಲ್ಲೇನು?’

‘ಅದು ಬಿಡಿ. ಈಗ ಮುಜಾವರಿಕೆ ನಮ್ಮಪ್ಪನ ಹತ್ರ ಇದೆ. ಸೋ, ಅದನ್ನ ನಾನು ತಗೊಂಡ್ಹೋದ್ರೆ ಪ್ರಾಪರ್ ಆಗಿರುತ್ತೆ ಅಲ್ವಾ?’

ಮುಜಾವರಿಕೆ ಅವನಪ್ಪನ ಹತ್ತಿರ ಹೇಗೆ ಬಂತು ಎಂಬುದು ಆ ಮನೆಯ ಬಿರಿಯಾನಿಯ ಎದುರು ಯಾರಿಗೂ ನೆನಪಿರಲಿಲ್ಲ. ನಾನು ತಟ್ಟೆ ಸರಿಸಿ ಎದ್ದೆ.

ಪೊಲೀಸರಿಗೆ ಹೇಳಬಾರದೇ ಎಂದು ಓದುವವರು ಕೇಳಬಹುದು. ವಕೀಲರೊಬ್ಬರನ್ನು ವಿಚಾರಿಸಿದ್ದೆವು. ಕಳುವಾದ ವಸ್ತುವಿನ ಫೋಟೋ ಬೇಕು ಎಂದರು. ನಮ್ಮ ದೇವರು ಸದಾ ಹೂವು, ಜರಿ ಬಟ್ಟೆಯೊಳಗೆ ಮುಚ್ಚಿರುತ್ತಿತ್ತು, ಬರಿಮೈಯ ಫೋಟೋ ಯಾರು ತೆಗೆಯುತ್ತಾರೆ? ಗುರುತಿಗೆ ಇದ್ದದ್ದು ಒಂದೇ: ಮುರಿದ ಹೆಬ್ಬೆರಳಿಗೆ ಹಾಕಿದ ತಾಮ್ರದ ಬೆಸುಗೆ. ಹಾಗಾಗಿ ನಮ್ಮದನ್ನೇ ದುಡ್ಡು ಕೊಟ್ಟು ಕೊಳ್ಳಬೇಕು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ದಾರಿಯಲ್ಲಿ ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ನಾನು ಅಂಗಡಿಯವಳು, ಗಿರಾಕಿಯ ಕಣ್ಣು ಸಾಮಾನಿನ ಮೇಲೆ ನಿಂತರೆ ಬೆಲೆ ಏರುತ್ತದೆಂದು ಬಲ್ಲೆ. ‘ಅದನ್ನ ಯಾರೂ ದಿಟ್ಟಿಸಿ ನೋಡಬ್ಯಾಡ್ರಿ. ಮೊದಲು ಹೂದಾನಿ ಕೇಳೂದು, ಆಮೇಲೆ ಕುರ್ಚಿ ಕೇಳೂದು, ಹೋಗೂ ಮುಂದ, ಇದೇನಿದು ಅಂತ ಕೇಳೂದು,’ ಎಂದೆ. ಇಬ್ಬರೂ ತಲೆಯಾಡಿಸಿದರು.

ಅಂಗಡಿಯ ತುಂಬ ಚೀನಾದ ಸಾಮಾನು: ನೀಲಿ ಬಿಳಿ ಹೂದಾನಿಗಳು, ಡ್ರ್ಯಾಗನ್ ಕೆತ್ತಿದ ಪೆಟ್ಟಿಗೆಗಳು, ಹೊಟ್ಟೆ ದೊಡ್ಡದಾದ ನಗುವ ಗೊಂಬೆಗಳು. ಮಾಲೀಕ ಎತ್ತರದ, ಬಹಳ ನಯವಾದ ಮನುಷ್ಯ. ವಯಸ್ಸಾದ ದಂಪತಿ ಕನ್ನಡಿಯೊಂದನ್ನು ನೋಡುತ್ತಿದ್ದರು. ಆ ಎಲ್ಲದರ ನಡುವೆ, ಒಂದು ಕಪ್ಪು ಮರದ ಪೀಠದ ಮೇಲೆ, ಬೆತ್ತಲಾಗಿ, ನಮ್ಮೂರ ದೇವರು ನಿಂತಿತ್ತು. ಹೆಬ್ಬೆರಳ ಬೆಸುಗೆ ದೂರದಿಂದಲೇ ಕೆಂಪಗೆ ಕಂಡಿತು. ಕೆಳಗೆ ಚೀಟಿ: ಚೀನಾದ ಸೇನಾಪತಿಯ ಧ್ವಜದ ತುದಿ, ನಾಲ್ಕು ನೂರ ಐವತ್ತು ಡಾಲರ್. ಸೇನಾಪತಿಯಂತೆ! ನಾನು ಉಸಿರು ಹಿಡಿದು ಹೂದಾನಿಯ ಕಡೆ ತಿರುಗಿದೆ.

ತಿರುಗಿ ನೋಡುತ್ತೇನೆ, ಬಸನಗೌಡ ಶೂ ಬಿಚ್ಚುತ್ತಿದ್ದಾನೆ.

ತಾನು ಬಿಚ್ಚುತ್ತಿರುವುದು ತನಗೇ ಗೊತ್ತಿರಲಿಲ್ಲವೆಂದು ಆಮೇಲೆ ಆಣೆ ಮಾಡಿ ಹೇಳಿದ. ಅಷ್ಟರಲ್ಲಿ ನಮ್ಮ ಡಾಕ್ಟರು ಸಾಹೇಬರೂ ಬರಿಗಾಲಿನಲ್ಲಿ ನಿಂತು ತಲೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಬಸನಗೌಡ ಬಗ್ಗಿ ಹಣೆ ಮುಟ್ಟಿಸಿದ. ಇಮ್ತಿಯಾಜ್ ಕೈ ಎದೆಗೊತ್ತಿಕೊಂಡ. ಮಾಲೀಕ ನಾಲ್ಕು ಶೂಗಳನ್ನು ನೋಡಿದ, ಇಬ್ಬರನ್ನು ನೋಡಿದ, ನಯವಾಗಿ ನಕ್ಕ. ಆಮೇಲೆ ಅವನು ಹೇಳಿದ್ದು, ಈ ವಸ್ತುವಿನ ಬಗ್ಗೆ ಹೊಸ ಮಾಹಿತಿ ಬಂದಿದೆ, ಅದಕ್ಕೀಗ ಎರಡು ಸಾವಿರ.

ಬುದ್ಧಿ ಇದ್ದವರು ಅಲ್ಲಿಗೆ ಸುಮ್ಮನಾಗುತ್ತಿದ್ದರು. ‘ಎರಡು ಸಾವಿರ ನಾನು ಕೊಡ್ತೀನಿ,’ ಎಂದ ಬಸನಗೌಡ, ಇಂಗ್ಲಿಷಿನಲ್ಲಿ. ‘ಎರಡೂವರೆ,’ ಎಂದ ಇಮ್ತಿಯಾಜ್. ‘ಮೂರು!’ ಊರಲ್ಲಿ ಮೊಹರಂ ಮೆರವಣಿಗೆಯ ದಾರಿಗಾಗಿ ಇವರ ಅಪ್ಪಂದಿರು ಹೀಗೆಯೇ ಕಿತ್ತಾಡುತ್ತಿದ್ದರು. ಮಾಲೀಕ ಕುರ್ಚಿ ಎಳೆದುಕೊಂಡು ಕೂತ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬುದು ಅವನ ದೇಶದಲ್ಲೂ ಗೊತ್ತಿರಬೇಕು.

ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಎರಡೂ ಕೈಯಿಂದ ಪಂಜಾವನ್ನು ಎತ್ತಿಕೊಂಡೆ. ಹಸುಗೂಸಿನಷ್ಟು ಭಾರ ಇತ್ತು. ನನಗೆ ಬರುವ ಇಂಗ್ಲಿಷಿನಲ್ಲೇ, ಕನ್ನಡಿಯ ದಂಪತಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದೆ: ಇದು ನಮ್ಮಪ್ಪ ಕಾಯುತ್ತಿದ್ದ ಪ್ರಾರ್ಥನೆಯ ಮನೆಯಿಂದ ಕದ್ದದ್ದು. ನಮ್ಮಪ್ಪ ಈ ಕಳವನ್ನು ತಲೆಯ ಮೇಲೆ ಹೊತ್ತು ಸತ್ತ. ಕದ್ದದ್ದಲ್ಲ ಎನ್ನುವುದಾದರೆ ನೀವು ಇದನ್ನು ಎಲ್ಲಿಂದ ತಂದಿರಿ, ಇವರೆದುರಿಗೆ ಹೇಳಿ. ಮಾಲೀಕ ಯಾರದೋ ಸತ್ತವರ ಮನೆಯ ಹರಾಜು ಎಂದು ಏನೋ ತೊದಲಿದ. ಹಾಗಾದರೆ ಇದು ಭಾರತದ ದೇವರು ಎಂದು ಮಾರುತ್ತೀರೋ, ಚೀನಾದ ಸೇನಾಪತಿಯ ಸಾಮಾನು ಎಂದು ಮಾರುತ್ತೀರೋ? ದೇವರಾದರೆ ಪೊಲೀಸರನ್ನು ಕರೆಯಿರಿ, ನಾನು ಕಾಯುತ್ತೇನೆ. ಸೇನಾಪತಿಯದಾದರೆ ಚೀಟಿಯಲ್ಲಿ ಬೆಲೆ ಇದೆ. ನಾನೂ ಅಂಗಡಿಯವಳು, ಚೀಟಿಯ ಬೆಲೆಗಿಂತ ಒಂದು ಸೆಂಟ್ ಹೆಚ್ಚು ಕೇಳಿದರೆ ಗಿರಾಕಿಗಳು ನನ್ನ ಅಂಗಡಿಯಲ್ಲಿ ಏನು ಮಾಡುತ್ತಾರೆಂದು ನನಗೆ ಗೊತ್ತು.

ಕನ್ನಡಿ ನೋಡುತ್ತಿದ್ದ ಮುದುಕಿ, ‘ಆಕೆ ಹೇಳೋದು ಸರಿ,’ ಎಂದು ಗಂಡನ ತೋಳು ಹಿಡಿದು ಹೊರಗೆ ಹೊರಟಳು. ಕನ್ನಡಿಯ ಮಾರಾಟವೂ ಅವಳ ಹಿಂದೆಯೇ ಹೋಗುವುದನ್ನು ಕಂಡು ಮಾಲೀಕ ನನ್ನ ಕಾರ್ಡ್ ತೆಗೆದುಕೊಂಡ. ನಾಲ್ಕು ನೂರ ಐವತ್ತು, ಮೇಲೆ ಟ್ಯಾಕ್ಸು. ಕದ್ದ ದೇವರಿಗೂ ಮಿಶಿಗನ್ ರಾಜ್ಯ ತೆರಿಗೆ ಹಾಕಿತು.

ಬಾಗಿಲ ಹೊರಗೆ ಬರುತ್ತಲೇ ಒಂದು ಪವಾಡ ನಡೆಯಿತು. ಬೆಳಗಿನಿಂದ ಯಾವ ಮಾತಿಗೂ ಒಪ್ಪದ ಬಸನಗೌಡ ಮತ್ತು ಇಮ್ತಿಯಾಜ್ ಒಂದಾದರು.

‘ಆಪಾ, ಅದನ್ನ ಇಲ್ಲಿ ಕೊಡಿ. ಲೇಡೀಸ್ ಮುಟ್ಟಬಾರದು.’

‘ಹೌದ್ರಿ ಅಕ್ಕಾ, ಹೆಣ್ಣಮಕ್ಕಳು ಹಿಡಿಯಂಗಿಲ್ಲ.’

ಸೇನಾಪತಿಯ ಸಾಮಾನೆಂದು ಯಾರು ಯಾರೋ ಮುಟ್ಟಿದಾಗ ಎಲ್ಲಿತ್ತು ಈ ಮಡಿ? ‘ಊರಾಗ ಇನ್ನೊಂದು ಕಟ್ಟಳೆ ಐತಿ, ನೆನಪೈತೇನು?’ ಎಂದೆ. ‘ದೇವರನ್ನ ಹಿಡದವರ ಕೈಯಿಂದ ಯಾರೂ ಕಸಿಯಂಗಿಲ್ಲ. ಹಿಡದವರ ತಾವಾಗಿ ಇಳಸಬೇಕು. ನಾ ಹಿಡದೀನಿ. ಕಸಗೋರಿ ನೋಡೂಣು.’ ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು. ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಕಾಯುತ್ತಿತ್ತು, ಇಬ್ಬರ ಶೂಗಳೂ ಇನ್ನೂ ಕೈಯಲ್ಲೇ ಇದ್ದವು.

‘ಏನು ಬೇಕು ಹೇಳಿ ಆಪಾ,’ ಎಂದ ಇಮ್ತಿಯಾಜ್.

‘ಒಂದ ಮಾತು. ನಿಮ್ಮಪ್ಪ, ಇವರಪ್ಪ, ಇಬ್ಬರೂ ಹೇಳಬೇಕು, ಹುಸೇನಸಾಬ ಕಳ್ಳ ಅಲ್ಲ ಅಂತ. ಆಮೇಲೆ ಯಾರರ ತಗೊಂಡು ಹೋಗ್ರಿ.’

ಆನ್ ಆರ್ಬರ್‌ಗೆ ವಾಪಸು ಬರುವಾಗ ಪಂಜಾ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಚೆರಿ ಹಣ್ಣು ಕೊಂಡೆವು, ಯಾರೂ ತಿನ್ನಲಿಲ್ಲ. ಸಂಜೆ ಎಂಟೂವರೆಗೂ ಅಲ್ಲಿ ಬೆಳಕು. ಊರಲ್ಲಿ ಆಗ ಬೆಳಗಿನ ಆರು, ಹಿರಿಯರು ಎದ್ದಿರುವ ಹೊತ್ತು. ಇಮ್ತಿಯಾಜ್‌ನ ಮಗಳು ನನ್ನ ಮಡಿಲು ನೋಡಿ, ‘ಹೂಸ್ ಹ್ಯಾಂಡ್ ಈಸ್ ದಟ್?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಓಡಿದಳು. ಬಸನಗೌಡ ಕಾಲಿಂಗ್ ಕಾರ್ಡ್ ಗೀರಿ, ನಂಬರ್ ಒತ್ತಿ, ಸ್ಪೀಕರ್ ಹಾಕಿದ.

‘ಅಪ್ಪಾ, ದೇವರು ಸಿಕ್ಕೈತಿ.’

‘ಯಾರ ಕೈಯಾಗ ಐತಿ?’ ಎಂದರು ಗೌಡರು.

‘ಹುಸೇನಸಾಬರ ಮಗಳ ಕೈಯಾಗ. ಅವರು ಇಳಸವಲ್ಲರು. ನೀ ಒಂದು ಮಾತು ಹೇಳಬೇಕಂತ. ಹುಸೇನಸಾಬ ಕಳ್ಳ ಅಲ್ಲ ಅಂತ.’

‘ಅಷ್ಟ ಏನು?’ ಗೌಡರ ದನಿಯಲ್ಲಿ ನಿರಾಳ ಕೇಳಿಸಿತು. ‘ಆತ ಕಳ್ಳ ಅಲ್ಲ ಅಂತ ಯಾರಿಗೆ ಗೊತ್ತಿದ್ದಿಲ್ಲೋ? ನನಗೂ ಗೊತ್ತಿತ್ತು, ಆತನ ತಮ್ಮಗೂ ಗೊತ್ತಿತ್ತು.’

ನಾನು ಫೋನಿನ ಹತ್ತಿರ ಬಗ್ಗಿದೆ. ‘ಮತ್ತ ಆವತ್ತು ಯಾಕ ಹೇಳಲಿಲ್ರಿ ಗೌಡ್ರ?’

‘ಯಾರರ ಒಬ್ಬರ ಮ್ಯಾಲೆ ಹಾಕಬೇಕಾಗಿತ್ತವಾ. ಇಲ್ಲಂದ್ರ ಹೊರೋರ ಓಣಿ, ಕಾಯೋರ ಓಣಿ ಎರಡೂ ಹೊಡದಾಡತಿದ್ದುವು. ನಿಮ್ಮಪ್ಪ ಸಂಭಾವಿತ. ತಿಳಕೊಂಡ, ಬಾಯಿ ಬಿಡಲಿಲ್ಲ.’

ತನ್ನಪ್ಪನಿಗೂ ಫೋನ್ ಮಾಡು ಎಂದು ಇಮ್ತಿಯಾಜ್‌ಗೆ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ನನಗೆ ಆದ ಸಿಟ್ಟನ್ನು ಹೇಗೆ ಬರೆಯಲಿ? ಕಳ್ಳನೆಂದು ನಂಬಿ ದೂರವಿಟ್ಟಿದ್ದರೆ ಒಂದು ದಿನ ಕ್ಷಮಿಸಬಹುದಿತ್ತು. ಗೊತ್ತಿದ್ದೂ, ಚಹಾದಂಗಡಿಯಲ್ಲಿ ಅವನು ಒಳಗೆ ಬಂದಾಗಲೆಲ್ಲ, ಗೊತ್ತಿದ್ದೂ ಮಾತು ನಿಲ್ಲಿಸಿದರಲ್ಲ! ಅವನ ಮರ್ಯಾದೆಯನ್ನು ತಿಂದು ಊರು ಶಾಂತವಾಗಿತ್ತು, ಮೇಲೆ ಸಂಭಾವಿತ ಎಂಬ ಬಿರುದು ಬೇರೆ.

‘ಫೋನಿನ್ಯಾಗ ಬ್ಯಾಡ್ರಿ,’ ಎಂದೆ. ‘ಚಾವಡಿಯೊಳಗ ಹೇಳ್ರಿ, ಊರ ಮುಂದ. ಅಲ್ಲೀತನಕ ನಾ ಇಳಸಂಗಿಲ್ಲ.’

ಆ ರಾತ್ರಿ ಪಂಜಾವನ್ನು ಮಗ್ಗುಲಲ್ಲಿಟ್ಟುಕೊಂಡು, ಅದರ ಮೇಲೆ ಕೈಯಿಟ್ಟು ಮಲಗಿದೆ. ಮರುದಿನ ಭಾನುವಾರ ಇಬ್ಬರೇ ಹಿಂದಿರುಗಿದೆವು. ಕಲಮಜೂ ಹತ್ತಿರ ಮಳೆ ಬಂತು, ಇಂಡಿಯಾನಾದಲ್ಲಿ ನಿಂತಿತು. ಬಸನಗೌಡ ದೇವರನ್ನು ಕೇಳಲಿಲ್ಲ. ಲೊಂಬಾರ್ಡ್‌ನ ಎಕ್ಸಿಟ್ ಹತ್ತಿರ ಬಂದಾಗ ಮಾತ್ರ ಮೆಲ್ಲಗೆ ಬಾಯಿ ಬಿಟ್ಟ.

‘ಅಕ್ಕಾ, ನಮ್ಮಪ್ಪಗ ವಯಸ್ಸಾಗೈತ್ರಿ. ಈ ವಯಸ್ಸಿನ್ಯಾಗ ಚಾವಡಿ ಮೆಟ್ಟಲಾ ಹತ್ತಿ, ಎಲ್ಲಾರ ಮುಂದ ನಿಂತು ಹೇಳೂದು ಭಾಳ ಕಷ್ಟ.’

‘ನಮ್ಮಪ್ಪಗೂ ವಯಸ್ಸಾಗಿತ್ತು,’ ಎಂದೆ, ‘ದಿನಾ ಆ ಚಾವಡಿ ಮುಂದ ಹಾದು ಹೋಗಬೇಕಾದ್ರ.’

ಮನೆ ಬಂತು. ಅವನು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದು, ಅಭ್ಯಾಸದಿಂದ ಎರಡೂ ಕೈ ಮುಂದೆ ಚಾಚಿದ. ನಾನು ಪಂಜಾವನ್ನು ಎದೆಗೊತ್ತಿ ಹಿಡಿದುಕೊಂಡೇ ಇಳಿದೆ.