ಇಬ್ಬರೂ ಬರುತ್ತಾರೆ ಎಂದೆ

ನನ್ನ ಗಂಡ ಹೈದರಾಬಾದಿನ ನಾಚಾರಂನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಲ್ಕಾಜ್‌ಗಿರಿಯಲ್ಲಿ ನಮ್ಮ ಬಾಡಿಗೆ ಮನೆ. ಮಹಡಿಯಲ್ಲಿ ಅದೇ ಕಾರ್ಖಾನೆಯ ಇನ್ನೊಬ್ಬರು, ಗದಗಿನ ಕಡೆಯವರು, ಹೆಂಡತಿಯೊಡನೆ ಇದ್ದರು. ಆಕೆಯನ್ನು ನಾನು ಅಕ್ಕಾರ ಎನ್ನುತ್ತಿದ್ದೆ. ಆ ಮಳೆಗಾಲದಲ್ಲಿ ಗಂಡಸರಿಬ್ಬರೂ ಕೆಲಸದ ಮೇಲೆ ಪರ ಊರಿಗೆ ಹೋಗಿ ವಿಮಾನದಲ್ಲಿ ವಾಪಸಾಗುವವರಿದ್ದರು.

ಅವರು ಬರಬೇಕಾದ ದಿನ ಮಧ್ಯಾಹ್ನ ರೇಡಿಯೋದಲ್ಲಿ ಸುದ್ದಿ ಬಂತು. ಹೈದರಾಬಾದಿಗೆ ಹೊರಟ ವಿಮಾನ ಬಿರುಮಳೆಗೆ ಸಿಕ್ಕು ಬಿದ್ದಿದೆ, ಯಾರೂ ಉಳಿದಿಲ್ಲ. ಅಕ್ಕಾರ ಮೇಲೆ ಹೋಗಿ ದೇವರ ಮುಂದೆ ಕೂತರು. ನಾನು ಪಕ್ಕದ ಮಾಲೀಕರ ಮನೆಗೆ ಓಡಿ ಫೋನಿನ ಹತ್ತಿರ ನಿಂತೆ. ತಾಸಿನ ಮೇಲೆ ಅದು ರಿಂಗಾಯಿತು.

"ನಾನು. ವಿಮಾನ ಹತ್ತಲಿಲ್ಲ. ಮಳಿ ನೋಡಿ ಹೆದರಿಕಿ ಬಂತು. ಟ್ರೇನಿಗೆ ಬರಾಕತ್ತೀನಿ."

ಮುಂದೆ ಏನೋ ಹೇಳುತ್ತಿದ್ದರು, ಲೈನು ಗರಗರ ಅನ್ನುತ್ತಿತ್ತು. "ಆತ್ರಿ, ಹುಷಾರಾಗಿ ಬರ್ರಿ" ಎಂದು ಇಟ್ಟುಬಿಟ್ಟೆ.

ಮನೆಗೆ ಬಂದು ಅಳುತ್ತ, ನಗುತ್ತ ಶಿರಾ ಮಾಡಿದೆ. ಅಕ್ಕಪಕ್ಕದ ಮೂರು ಮನೆಗೆ ಕೊಟ್ಟು, ಆಮೇಲೆ ಮಹಡಿ ಹತ್ತಿದೆ.

"ಅಕ್ಕಾರ, ನಮ್ಮವರು ವಿಮಾನ ಹತ್ತಿಲ್ಲಂತ್ರಿ!"

ಅವರು ಎದ್ದು ನಿಂತರು. "ಮತ್ತ ನಮ್ಮವರು?"

ಕೇಳಿಯೇ ಇರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಕೈಯಲ್ಲಿ ಶಿರಾ ಹಿಡಿದು ನಿಂತು ಹಾಗೆಂದು ಹೇಗೆ ಹೇಳಲಿ?

"ಅವರೂ ಬರ್ತಾರ್ರಿ. ಇಬ್ಬರೂ ಕೂಡೇ ಅದಾರಲ್ಲ."

ಅವರು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು.

ಸಂಜೆ ಹಿಮಾಯತ್‌ನಗರದಿಂದ ಅವರ ತಮ್ಮ ಚೀಲ ಹಿಡಿದು ಬಂದ, ವಿಮಾನ ಬಿದ್ದ ಜಾಗಕ್ಕೆ ಹೊರಟಿದ್ದ. "ಎಲ್ಲಿಗೆ ಹೊಂಟಿ? ನಿಮ್ಮ ಮಾಮಾ ಟ್ರೇನಿನ್ಯಾಗ ಬರಾಕತ್ತಾರ. ಕೂಡು, ಶಿರಾ ತಿನ್ನು" ಎಂದು ಅವರು ಹೇಳಿದ್ದು ನನಗೆ ಕೆಳಗೆ ಕೇಳಿಸಿತು. ಆಗಲಾದರೂ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಗಂಡ ಒಬ್ಬರೇ ಬಂದರು.

"ಬ್ಯಾಡಂದ್ರೂ ಕೇಳಲಿಲ್ಲ, ಹತ್ತೇಬಿಟ್ರು. ಅದನ್ನ ಹೇಳಾಕತ್ತಿದ್ದೆ, ನೀ ಫೋನ್ ಇಟ್ಟುಬಿಟ್ಟಿ."

ಸುದ್ದಿ ಹೇಳಲು ಅವರೇ ಮೇಲೆ ಹೋದರು. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ನಿಂತೆ, ಏನೂ ಕೇಳಿಸದಿರಲಿ ಎಂದು. ತಮ್ಮ ಅಂದೇ ಹೊರಟ. ಅವನು ಅಲ್ಲಿಗೆ ಮುಟ್ಟುವಷ್ಟರಲ್ಲಿ, ಗುರುತು ಹಿಡಿಯುವವರಿಲ್ಲದ ದೇಹಗಳನ್ನೆಲ್ಲ ಒಟ್ಟಿಗೆ ಸುಟ್ಟಿದ್ದರು.

ಎರಡು ತಿಂಗಳಿಗೆ ಅಕ್ಕಾರ ಮನೆ ಬಿಟ್ಟರು. ಸಾಮಾನು ಕಟ್ಟಲು ಹೋದಾಗ ಹೇಗೋ ಬಾಯಿ ತೆರೆದೆ.

"ಅವತ್ತ ನನಗ ಗೊತ್ತಿರಲಿಲ್ಲರಿ, ಅಕ್ಕಾರ."

"ಗೊತ್ತಿರಲಿಲ್ಲ ಅನ್ನೂದು ನನಗೂ ತಿಳೀತು, ತಂಗಿ," ಅವರು ಹಾಸಿಗೆ ಸುತ್ತುತ್ತಲೇ ಹೇಳಿದರು. "ಗೊತ್ತಿಲ್ಲ ಅಂತ ಅಂದಿದ್ರ ಸಾಕಿತ್ತು. ನನ್ನ ತಮ್ಮ ಅವತ್ತ ಹೋಗ್ತಿದ್ದ."

ನಾನು ಹಗ್ಗದ ತುದಿ ಹಿಡಿದುಕೊಂಡೆ. ಅವರು ಗಂಟು ಹಾಕಿದರು.

ಆ ತಮ್ಮ ಒಂದು ದಿನ ಯಾಕೆ ತಡಮಾಡಿದನೋ ಎಂದು ನನ್ನ ಗಂಡ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ನಾನು ಇನ್ನೂ ಹೇಳಿಲ್ಲ.