ಐದು ಚಿತ್ರಗಳಲ್ಲಿ ಒಂದು ಮಟ್ಟು

ವಿಚಿತ್ರ ಅನುಭವ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಎಲ್ಲದರ ಹಿಂದೆ ಯಾರದೋ ಕೈವಾಡ ಇದ್ದೇ ಇರುತ್ತದೆ ಎಂದು ವಾದಿಸುತ್ತಿದ್ದೆ. ಈಗಲೂ ವಾದಿಸುತ್ತೇನೆ, ಇದೊಂದನ್ನು ಬಿಟ್ಟು.

ಮಾತಾಡುವ ಸಿನಿಮಾ ಬಂದು ನಾಟಕ ಕಂಪನಿಗಳ ಹೊಟ್ಟೆಗೆ ಹೊಡೆಯತೊಡಗಿದ್ದ ಕಾಲ. ನಮ್ಮ ಕಂಪನಿಯ ಮೊಕ್ಕಾಂ ಶಿರಸಿಯಲ್ಲಿತ್ತು. ಹಾಡುಗಳಿಗೆ ಮಟ್ಟು ಹಾಕುತ್ತಿದ್ದವರು ಧಾರವಾಡ ಕಡೆಯ ಹಾರ್ಮೋನಿಯಂ ಮಾಸ್ತರರು. ನಾನು ನಿಲ್ಕುಂದದ ಮನೆಯಿಂದ ಓಡಿಬಂದು ಅವರ ಶಿಷ್ಯನಾಗಿದ್ದೆ. ಊರಿಗೆ ಮರಳುವ ಮುಖವಿರಲಿಲ್ಲ. ಒಳ್ಳೆಯ ಮಟ್ಟನ್ನು ಬೇರೆ ಕಂಪನಿಯವರು ಹಾರಿಸಿಕೊಂಡು ಹೋಗುತ್ತಿದ್ದರು. ಅದಕ್ಕೇ ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆ ಮುಟ್ಟದೆ ಮನಸ್ಸಿನಲ್ಲೇ ಮಟ್ಟು ಕೂಡಿಸುತ್ತಿದ್ದರು. ತಾಲೀಮಿನವರೆಗೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಅವರ ಗೌರವಕ್ಕೆಂದು, ಬಂದ ಹಣವೆಲ್ಲ ಅವರಿಗೇ ಸಲ್ಲುವ ಒಂದು ಬೆನಿಫಿಟ್ ಆಟ ನಿಗದಿಯಾಯಿತು. ಯಲ್ಲಾಪುರದಲ್ಲಿ ಮೋಟಾರುಗಳ ಮೇಲೆ ಹೆಸರು ಬರೆಯುತ್ತಿದ್ದ ಪೇಂಟರ್ ಇಮಾಮಸಾಬರು ಮಾಸ್ತರರ ಬದುಕನ್ನು ಐದು ಚಿತ್ರಗಳಲ್ಲಿ ಬರೆದು, ಬಣ್ಣ ಒಣಗಲೆಂದು ಒಂದು ವಾರ ಬಿಟ್ಟು, ಗೋಣಿಯಲ್ಲಿ ಹೊಲಿದು ತಂದರು. ಮಧ್ಯಾಹ್ನ ಹೊಲಿಗೆ ಬಿಚ್ಚಿದವನು ನಾನೇ. ಭಜನೆಯ ಹುಡುಗ, ಸೀರೆಯುಟ್ಟ ಸ್ತ್ರೀಪಾತ್ರಧಾರಿ, ಹೀಗೆ ಬೆಳೆಯುತ್ತ ಕೊನೆಗೆ ನರೆತ ಮೀಸೆಯ ಮಾಸ್ತರರು. ಐದರಲ್ಲೂ ಮುಂದೆ ಹಾರ್ಮೋನಿಯಂ, ಒಂದೊಂದರಲ್ಲಿ ಒಂದೊಂದು ಸ್ವರದ ಮನೆಯ ಮೇಲೆ ಒಂದೇ ಬೆರಳು. ತಮಾಷೆಗೆಂದು ಆ ಸ್ವರಗಳನ್ನು ಮಾಸ್ತರರ ಪೆಟ್ಟಿಗೆಯ ಮೇಲೆ ಸಾಲಾಗಿ ನುಡಿಸಿದೆ.

ಊಟಕ್ಕೆ ಕೂತಿದ್ದ ಮಾಸ್ತರರು ಎಂಜಲು ಕೈಯಲ್ಲೇ ಓಡಿಬಂದರು.

"ಎಲ್ಲಿಂದ ಬಂತೋ ನಿನಗ ಇದು? ಇವತ್ತ ಮುಂಜಾನಿ ಕೂಡಿಸಿದ ಮಟ್ಟು! ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾ!"

ಚಿತ್ರಗಳನ್ನು ತೋರಿಸಿದೆ. ಇಮಾಮಸಾಬರನ್ನು ಕರೆಸಿದರು.

"ಬೆರಳು ಎಲ್ಲ್ಯಾರ ಇಡಬೇಕಲ್ರಿ, ಇಟ್ಟೀನಿ. ಸರಿಗಮ ನನಗೇನು ಗೊತ್ತೈತ್ರಿ?" ಎಂದರು ಅವರು.

ಆ ಮನುಷ್ಯನ ಮೇಲೂ ನನಗೆ ಅನುಮಾನ ಬಂತು. ಆದರೆ ಇವತ್ತು ಹುಟ್ಟಿದ ಮಟ್ಟನ್ನು ಹೋದ ವಾರ ಕದಿಯುವುದು ಹೇಗೆ? ಬಣ್ಣ ಒಣಗಿ ಗಟ್ಟಿಯಾಗಿತ್ತು. ಸ್ವರಗಳು ತಾವಾಗಿಯೇ ಕೂಡಿಬಂದವು ಎನ್ನೋಣವೆಂದರೆ, ನಾಲ್ಕನೆಯದು ಆ ರಾಗಕ್ಕೇ ಸಲ್ಲದ ಸ್ವರ. ಮಾಸ್ತರರು ಬೇಕೆಂದೇ ಅಲ್ಲಿ ಸೇರಿಸಿದ್ದರಂತೆ.

ಮರುದಿನ ಸಂಜೆ ಅವರು ನನ್ನನ್ನು ಒಬ್ಬನನ್ನೇ ಕರೆದರು. ಮುಖ ಬಾಡಿಹೋಗಿತ್ತು.

"ತಮ್ಮಾ, ‘ನಾನೇ ಕದ್ದೆ’ ಅಂತ ನೀ ಅಂದುಬಿಡು. ಬೈಯೂದಿಲ್ಲ, ಇಲ್ಲೇ ಇಟ್ಕೋತೀನಿ. ನೀ ಕದ್ದಿಲ್ಲಂದ್ರ, ಅದು ನನಗಿಂತ ಮೊದಲೇ ಚಿತ್ರದಾಗ ಇತ್ತು. ಹಂಗಾದ್ರ ನಾ ಇಷ್ಟು ವರ್ಷ ಕೂಡಿಸಿದ್ದೆಲ್ಲಾ ಯಾರದೋ?"

ಗಾಬರಿಯಲ್ಲಿ ಮನೆಮಾತೇ ಬಾಯಿಗೆ ಬಂತು. "ಆನು ಕದ್ದಿದ್ನಿಲ್ಲೆ, ಮಾಸ್ತರೇ."

ಅವರು ಪೆಟ್ಟಿಗೆಯ ಮುಚ್ಚಳ ಹಾಕಿ, ಹೋಗು ಎಂದು ಕೈ ಮಾಡಿದರು. ಕಂಪನಿಯಲ್ಲಿ ನನ್ನ ಅನ್ನದ ಋಣ ಅಲ್ಲಿಗೆ ತೀರಿತು. ಇದು ಹೇಗಾಯಿತೆಂದು ನನ್ನನ್ನು ಕೇಳಬೇಡಿ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾಸ್ತರರು ಆಮೇಲೆ ಒಂದು ಹಾಡಿಗೂ ಮಟ್ಟು ಹಾಕಲಿಲ್ಲ.